ಬೆಟ್ಟ ಕುಸಿದ ನೆಲದಲ್ಲಿ ಬೆಳೆಯುವ ಬಿಳಿ ವೈನ್

[ದೃಶ್ಯ: ದ್ರಾಕ್ಷಿ ತೋಟ, ಹಿಂದೆ ಕಡಿದಾದ ಬಿಳಿ ಬಂಡೆಯ ಬೆಟ್ಟ]

ಎಲ್ಲರಿಗೂ ನಮಸ್ಕಾರ. ಈ ತೋಟವನ್ನು ಸರಿಯಾಗಿ ನೋಡಿ. ಸಾಲುಗಳ ಮಧ್ಯೆ ದೊಡ್ಡ ದೊಡ್ಡ ಬಂಡೆಗಳಿವೆ. ನೆಲ ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಗುಂಡಿ. ಇಂಥ ಜಾಗ ಹುಡುಕಿಕೊಂಡು ಬಂದು ದ್ರಾಕ್ಷಿ ನೆಟ್ಟರಲ್ಲ, ಯಾಕೆ?

ಮೊದಲು ಬೇಗ ಬೇಗ ಪರಿಚಯ. ಇದು ಫ್ರಾನ್ಸ್‌ನ ಆಲ್ಪ್ಸ್ ಸೀಮೆ, ಸವೋಯಿ. ಹತ್ತಿರದ ಪಟ್ಟಣ ಶಾಂಬೇರಿ. ವೈನಿನ ಹೆಸರು ಅಪ್ರಮೋಂ. ಪಕ್ಕದಲ್ಲೇ ಬೆಳೆಯುವ ಅದರ ಜೋಡಿ ಅಬೀಮ್. ಎರಡಕ್ಕೂ ಮುಖ್ಯ ದ್ರಾಕ್ಷಿ ಜಾಕೇರ್. ಇಷ್ಟು ಸಾಕು, ಈಗ ಬೆಟ್ಟಕ್ಕೆ ಬರೋಣ.

[ದೃಶ್ಯ: ಗ್ರಾನಿಯೇ ಬೆಟ್ಟದ ಉತ್ತರ ಮುಖ]

ಇದು ಗ್ರಾನಿಯೇ. ಎತ್ತರ 1933 ಮೀಟರ್. ಉತ್ತರದ ಈ ಮುಖ ಕತ್ತಿಯಿಂದ ಕಡಿದ ಹಾಗೆ ನೇರವಾಗಿದೆ. ಮೊದಲು ಹೀಗಿರಲಿಲ್ಲ. 1248ರ ನವೆಂಬರ್ 24, ರಾತ್ರಿ. ಬೆಟ್ಟದ ಒಂದು ಭಾಗ ಕಳಚಿ ಕೆಳಗಿನ ಬಯಲಿಗೆ ಬಿತ್ತು. ಸಾಂತಾಂದ್ರೆ ಎಂಬ ಊರು ಮತ್ತು ಸುತ್ತಲಿನ ಹಳ್ಳಿಗಳು ಕಲ್ಲು ಕೆಸರಿನ ಅಡಿ ಹೂತುಹೋದವು. ಸತ್ತವರು ಸಾವಿರಕ್ಕೆ ಕಡಿಮೆ ಇಲ್ಲ ಎಂಬುದು ಅಂದಾಜು. ಹಳೆಯ ಬರಹಗಳಲ್ಲಿ ಲೆಕ್ಕ ಇನ್ನೂ ಜಾಸ್ತಿ.

ಅಷ್ಟು ಗಟ್ಟಿ ಬೆಟ್ಟ ಬಿದ್ದಿದ್ದು ಹೇಗೆ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನ್ನನ್ನು ಹಿಡಿದು ಕೂರಿಸಿದ್ದೇ ಈ ವಿಷಯ. ಬೆಟ್ಟದ ಮೇಲ್ಭಾಗ ಗಟ್ಟಿ ಸುಣ್ಣಕಲ್ಲು. ಅದರ ಅಡಿಯಲ್ಲಿ ಮಾರ್ಲ್, ಅಂದರೆ ಸುಣ್ಣ ಬೆರೆತ ಜೇಡಿಯ ಪದರ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಮಳೆ ನೀರು ಸಲೀಸಾಗಿ ಇಳಿಯುತ್ತದೆ, ಮಾರ್ಲ್ ಸಿಕ್ಕಿದ ಕಡೆ ನಿಲ್ಲುತ್ತದೆ. ನೆನೆದ ಮಾರ್ಲ್ ಮೆತ್ತಗಾಗಿ ಜಾರುತ್ತದೆ. ಕಾಲಡಿಯ ಆಧಾರವೇ ಹೋದ ಮೇಲೆ ಮೇಲಿನ ಬಂಡೆ ಎಷ್ಟು ಗಟ್ಟಿ ಇದ್ದರೇನು? ಕೆಸರು ಮುಂದೆ, ಅದರ ಮೇಲೆ ತೇಲಿಕೊಂಡು ಬಂಡೆಗಳು. ಹಾಗಾಗಿಯೇ ಅವು ಬೆಟ್ಟದ ಬುಡದಲ್ಲೇ ರಾಶಿ ಬೀಳದೆ ಕಿಲೋಮೀಟರ್‌ಗಟ್ಟಲೆ ದೂರ ಬಂದವು.

[ದೃಶ್ಯ: ಮಿಯಾಂ ದೇವಾಲಯದ ಮೇಲಿನ ಮೇರಿ ಮೂರ್ತಿ]

ಆ ಪ್ರವಾಹ ಮಿಯಾಂ ಎಂಬಲ್ಲಿದ್ದ ಒಂದು ಚಿಕ್ಕ ಚರ್ಚಿನ ಹತ್ತಿರ ನಿಂತಿತು. ಒಳಗಿದ್ದ ಕಪ್ಪು ಮೇರಿಯೇ, ಅಂದರೆ ಯೇಸುವಿನ ತಾಯಿಯ ಕಪ್ಪು ಮೂರ್ತಿಯೇ, ತಡೆದಳು ಅಂತ ಜನ ನಂಬಿದರು. ಇವತ್ತಿಗೂ ಅದು ಯಾತ್ರಾಸ್ಥಳ. ಒಂದೇ ರಾತ್ರಿಯಲ್ಲಿ ನೆರೆಯೂರುಗಳನ್ನು ಕಳೆದುಕೊಂಡವರಿಗೆ ಆ ನಂಬಿಕೆ ಎಷ್ಟು ದೊಡ್ಡ ಆಸರೆಯಾಗಿರಬೇಕು, ಅಲ್ವಾ?

ಈಗ ಮೊದಲಿನ ಪ್ರಶ್ನೆ. ಈ ಕಲ್ಲು ನೆಲದಲ್ಲಿ ಉಳುವುದು ಕಷ್ಟ, ಧಾನ್ಯ ಬೆಳೆಯುವುದು ಇನ್ನೂ ಕಷ್ಟ. ಆದರೆ ದ್ರಾಕ್ಷಿ ಬಳ್ಳಿಗೆ ಬೇರಿನ ಹತ್ತಿರ ನೀರು ನಿಲ್ಲಬಾರದು. ಕಲ್ಲಿನ ಸಂದಿಗಳಲ್ಲಿ ನೀರು ಬಸಿದುಹೋಗುತ್ತದೆ. ಹಗಲು ಕಾದ ಕಲ್ಲು ಸಂಜೆ ಬಿಸಿ ಬಿಟ್ಟುಕೊಡುತ್ತದೆ. ಚಳಿ ಸೀಮೆಯಲ್ಲಿ, ಅದೂ ನಿಧಾನಕ್ಕೆ ಹಣ್ಣಾಗುವ ಜಾಕೇರ್‌ಗೆ, ಅದು ಸಣ್ಣ ಸಹಾಯವಲ್ಲ.

ಈ ವೈನಿನಲ್ಲಿ ಕಲ್ಲಿನ ರುಚಿ ಇದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಬೇರು ಸುಣ್ಣಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಕಳಿಸುವುದಿಲ್ಲ. ಜಾಕೇರ್‌ನಲ್ಲಿ ಹುಳಿ ಜಾಸ್ತಿ, ಆಲ್ಕೋಹಾಲ್ ಕಡಿಮೆ, ಪರಿಮಳ ಮೆಲುವಾದದ್ದು. ನಾಲಿಗೆಗೆ ಚುರುಕಾಗಿ, ಶುಭ್ರವಾಗಿ ಹತ್ತುವುದು ಆ ಹುಳಿ.

ಸಮಯ ಆಗುತ್ತಿದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಸವೋಯಿ ವೈನಿಗೆ 1973ರಲ್ಲಿ ಫ್ರಾನ್ಸಿನ ಮೂಲಸ್ಥಳದ ಮಾನ್ಯತೆ ಸಿಕ್ಕಿತು, ಅಂದರೆ ಆ ಸೀಮೆಯ ವೈನಿಗೆ ಮಾತ್ರ ಆ ಹೆಸರು. ಅಪ್ರಮೋಂ ವರ್ಷಗಟ್ಟಲೆ ಇಡುವ ವೈನ್ ಅಲ್ಲ, ಸಾಮಾನ್ಯವಾಗಿ ಹೊಸದಿದ್ದಾಗಲೇ ತಣ್ಣಗೆ ಕುಡಿಯುತ್ತಾರೆ. ಜೊತೆಗೆ ಕರಗಿಸಿದ ಚೀಸ್‌ನ ಫಾಂಡ್ಯೂ ಇರುತ್ತದೆ, ಆ ಜಿಡ್ಡಿಗೆ ಈ ಹುಳಿ ಸರಿಹೋಗುತ್ತದೆ. ಗ್ರಾನಿಯೇ ಇನ್ನೂ ಪೂರ್ತಿ ಸುಮ್ಮನಾಗಿಲ್ಲ. 2016ರಲ್ಲೂ ಅದರ ಬಂಡೆಗಳು ಕುಸಿದವು.