ಒಳ್ಳೆ ಲಾಬಿ ಸಿಗದಿದ್ದರೆ ನಾವೇ ತೆರೆಯೋಣ

ನಮಸ್ಕಾರ ಎಲ್ಲರಿಗೂ. ಶನಿವಾರ ರಾತ್ರಿ, ವಿಜಯನಗರದ ನಮ್ಮ ಮನೆ, ಊಟ ಆಗಿದೆ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್‌ನ ಲಾಬಿ ಪಟ್ಟಿ. ಊರು ಕಟ್ಟಿ, ಸೈನ್ಯ ಬೆಳೆಸಿ ಹೋರಾಡುವ ಕಂಪ್ಯೂಟರ್ ಆಟ ಇದು. ಲಾಬಿ ಅಂದರೆ ಆಟ ಶುರುವಾಗುವ ಮೊದಲು ಆಟಗಾರರು ಬಂದು ಸೇರುವ ಆನ್‌ಲೈನ್ ಕೋಣೆ. ಮೂಲ ಆಟ 1999ರದ್ದು, ಈ ಹೊಸ ರೂಪ ಬಂದಿದ್ದು 2019ರಲ್ಲಿ. ಇಷ್ಟು ಹಳೆಯ ಆಟಕ್ಕೆ ಇನ್ನೂ ಪಟ್ಟಿ ತುಂಬ ಜನ. ಇದರಲ್ಲಿ ನಮಗೆ ಹೊಂದುವ ಲಾಬಿ ಯಾವುದು? ಇವತ್ತು ಅದನ್ನೇ ಹುಡುಕೋಣ.

ಮೊದಲು ಮ್ಯಾಪ್ ನೋಡಿ. ಬ್ಲ್ಯಾಕ್ ಫಾರೆಸ್ಟ್ ಅಂದರೆ ಸುತ್ತ ದಟ್ಟ ಕಾಡು, ಎಲ್ಲರೂ ಗೋಡೆ ಕಟ್ಟಿಕೊಂಡು ಕೂರುತ್ತಾರೆ. ನಾಲ್ವರಿಗೆ ನಾಲ್ವರು ಕೂತರೆ ಒಂದು ಗಂಟೆ ದಾಟುವುದು ಮಾಮೂಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆಗೆ ಬಂದ ದಿನ ಅದು ಬೇಡ. ಅರೇಬಿಯಾ ಬಯಲು ಮ್ಯಾಪ್, ಜಗಳ ಬೇಗ ಶುರುವಾಗುತ್ತದೆ, ಬೇಗ ಮುಗಿಯುತ್ತದೆ.

ಆಮೇಲೆ ರೇಟಿಂಗ್, ಅಂದರೆ ಆಟಗಾರರು ಎಷ್ಟು ಬಲಶಾಲಿ ಅಂತ ತೋರಿಸುವ ಅಂಕ. ಚೆಸ್‌ಗಾಗಿ ಅರ್ಪಾಡ್ ಎಲೋ ಮಾಡಿದ ಲೆಕ್ಕವೇ ಇಲ್ಲೂ ಇದೆ. ಒಬ್ಬರಿಗೊಬ್ಬರು ಆಡುವಾಗ 200 ಅಂಕ ಜಾಸ್ತಿ ಇರುವವರು ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಆಟ ಗೆಲ್ಲುತ್ತಾರೆ. ಅದಕ್ಕಿಂತ ದೊಡ್ಡ ಅಂತರ ಇರುವ ಲಾಬಿಗೆ ನಾನು ಹೋಗುವುದಿಲ್ಲ. ಇನ್ನೊಂದು ವಿಷಯ, ಎಲ್ಲರೂ ಶುರು ಮಾಡುವುದೇ 1000ದಿಂದ. ಹಾಗಾಗಿ 1000 ಅಂತ ಇದ್ದರೆ ಅವರು ನಿಜವಾಗಿ ಹೊಸಬರೋ, ಹೊಸ ಅಕೌಂಟ್ ಮಾಡಿಕೊಂಡ ಹಳಬರೋ ಹೇಳುವುದು ಕಷ್ಟ. ಪ್ರೊಫೈಲ್ ತೆರೆದು ಎಷ್ಟು ಆಟ ಆಡಿದ್ದಾರೆ ನೋಡಿ. ಹೊಸಬರನ್ನು ಬಡಿಯುವುದಕ್ಕೇ ಸ್ಮರ್ಫ್ ಮಾಡುವವರನ್ನು, ಅಂದರೆ ಹೀಗೆ ಹೊಸ ಅಕೌಂಟ್‌ನಲ್ಲಿ ಅಡಗಿ ಬರುವ ಹಳಬರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಈಗ ಪಿಂಗ್, ಅಂದರೆ ನಮ್ಮ ಸಂದೇಶ ನೆಟ್‌ನಲ್ಲಿ ಹೋಗಿ ಬರಲು ಹಿಡಿಯುವ ಸಮಯ. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಈ ಆಟ ನಡೆಯುವ ರೀತಿಯೇ ಬೇರೆ. ಯುದ್ಧವನ್ನು ಯಾವುದೋ ಒಂದು ಸರ್ವರ್ ನಡೆಸುವುದಿಲ್ಲ. ಎಂಟು ಜನ ಆಡುತ್ತಿದ್ದರೆ ಎಂಟೂ ಕಂಪ್ಯೂಟರ್‌ಗಳು ಪೂರ್ತಿ ಆಟವನ್ನು ತಾವೇ ಲೆಕ್ಕ ಹಾಕುತ್ತವೆ. ನೆಟ್‌ನಲ್ಲಿ ಓಡಾಡುವುದು ನಮ್ಮ ಆದೇಶಗಳು ಮಾತ್ರ. ಈ ಸೈನಿಕ ಅಲ್ಲಿಗೆ ಹೋಗಲಿ, ಈ ಮನೆ ಇಲ್ಲಿ ಏಳಲಿ, ಅಷ್ಟೇ. ಈ ಸರಣಿಯ ಮೊದಲ ಆಟ 1997ರದ್ದು, ಅದನ್ನು ಫೋನ್ ಲೈನಿನ ಮೋಡೆಮ್‌ನಲ್ಲಿ ಆಡಬೇಕಿತ್ತು. ಅಷ್ಟು ಸೈನಿಕರ ಜಾಗವನ್ನೆಲ್ಲ ಅದರಲ್ಲಿ ಕಳಿಸಲು ಆಗುತ್ತಿರಲಿಲ್ಲ, ಅದಕ್ಕೇ ಈ ದಾರಿ. ಇದರ ಬೆಲೆ ಏನು ಗೊತ್ತಾ? ಮದುವೆ ಊಟದ ಪಂಕ್ತಿಯಲ್ಲಿ ಕೊನೆಯವರು ಮುಗಿಸುವ ತನಕ ಯಾರೂ ಏಳುವಂತಿಲ್ಲ ಅಲ್ವಾ, ಹಾಗೆ. ಒಬ್ಬರ ಕಂಪ್ಯೂಟರ್ ನಿಧಾನವಾದರೆ ಎಂಟೂ ಜನರ ಆಟ ನಿಧಾನ. ರ‍್ಯಾಂಕ್ಡ್ (ಗೆದ್ದರೆ ಸೋತರೆ ರೇಟಿಂಗ್ ಬದಲಾಗುವ ಆಟ) ಆಡಲು, ಕಂಪ್ಯೂಟರ್ ವೇಗ ಅಳೆಯುವ ಆಟದ ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ 1000 ಅಂಕ ಬೇಕು ಅನ್ನುವ ನಿಯಮ ಬಂದಿದ್ದು ಇದಕ್ಕೇ.

ದೂರವೂ ಲೆಕ್ಕಕ್ಕೆ ಬರುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಲಂಡನ್ ನೇರ ದಾರಿಯಲ್ಲೇ 8,000 ಕಿಲೋಮೀಟರ್. ಹೋಗಿ ಬರುವುದಕ್ಕೇ 80 ಮಿಲಿಸೆಕೆಂಡ್ ಬೇಕು. ಕೇಬಲ್ ನೇರ ಹೋಗುವುದಿಲ್ಲ, ಅದಕ್ಕೆ ಇನ್ನೂ ಜಾಸ್ತಿ. ಯಾವ ಪ್ಲಾನ್ ಹಾಕಿಸಿದರೂ ಇದು ಕಡಿಮೆ ಆಗುವುದಿಲ್ಲ. ಜರ್ಮನಿಯಲ್ಲಿ ರಾತ್ರಿ ಎಂಟಾದಾಗ ನಮಗೆ ಹನ್ನೊಂದೂವರೆಯೋ ಹನ್ನೆರಡೂವರೆಯೋ ಆಗಿರುತ್ತದೆ. ಅಲ್ಲಿಯವರ ಲಾಬಿಗಾಗಿ ನಿದ್ದೆ ಬಿಡುವುದಕ್ಕಿಂತ ಹತ್ತಿರದವರನ್ನು ಹುಡುಕುವುದು ವಾಸಿ.

ನಮ್ಮ ಕಡೆಯ ಜವಾಬ್ದಾರಿಯೂ ಇದೆ. ನಮ್ಮ ಬೀದಿಯಲ್ಲಿ ಇಂಟರ್ನೆಟ್ ಕೇಬಲ್ ಮರದಿಂದ ಮರಕ್ಕೆ ಹೋಗಿದೆ. ಗಾಳಿ ಮಳೆಗೆ ಕೊಂಬೆ ಮುರಿದರೆ ನೆಟ್ ಹೋಯಿತು. ಅದಕ್ಕೆ ಜೋರು ಮಳೆ ಇದ್ದಾಗ ನಾನು ದೊಡ್ಡ ಆಟಕ್ಕೆ ಸೇರುವುದಿಲ್ಲ. ನಾನು ಮಧ್ಯದಲ್ಲಿ ಬಿದ್ದುಹೋದರೆ ನಮ್ಮ ತಂಡದ ಮೂವರು ನಾಲ್ವರ ಎದುರು ಆಡಬೇಕು. ಅವರೂ ದಿನವಿಡೀ ದುಡಿದು ಬಂದವರು. ರೌಟರ್ ಯುಪಿಎಸ್ ಮೇಲಿರಲಿ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ.

ಇಷ್ಟೆಲ್ಲ ನೋಡಿದ ಮೇಲೆ ಈ ಪಟ್ಟಿಯಲ್ಲಿ ಏನು ಉಳಿಯಿತು? ಒಂದರಲ್ಲಿ ಪಿಂಗ್ ಕೆಂಪು, ಅಂದರೆ ತೀರಾ ಜಾಸ್ತಿ; ಇನ್ನೊಂದರಲ್ಲಿ ಹೋಸ್ಟ್, ಅಂದರೆ ಲಾಬಿ ತೆರೆದವರು, ಕಾರಣ ಹೇಳದೆ ಜನರನ್ನು ಕಿಕ್ ಮಾಡಿ ಹೊರಗೆ ಹಾಕುತ್ತಿದ್ದಾರೆ. ಹಾಗಾದರೆ ನಾವೇ ತೆರೆಯೋಣ. ಹೋಸ್ಟ್ ಗೇಮ್ ಒತ್ತಿದೆ. ಮ್ಯಾಪ್ ಅರೇಬಿಯಾ, ಭಾರತದ ಸರ್ವರ್ (ಆದೇಶಗಳನ್ನು ದಾಟಿಸುವುದಷ್ಟೇ ಇದರ ಕೆಲಸ). ಹೆಸರು ‘ಬೆಂಗಳೂರು, ಹೊಸಬರೂ ಬನ್ನಿ’. ಸುಮ್ನೆ ಬಾಗಿಲು ತೆರೆದರೆ ಸಾಲದು, ಬಂದವರ ಜೊತೆ ಮಾತಾಡಬೇಕು. ಎಲ್ಲಿಂದ, ಎಷ್ಟು ಹೊತ್ತು ಆಡುತ್ತೀರಿ ಅಂತ ಚಾಟ್‌ನಲ್ಲಿ ಕೇಳಿ. ಮಾತಾಡಿದವರು ಆಟ ಬಿಟ್ಟು ಓಡುವುದು ಕಡಿಮೆ. ನೋಡಿ, ಆರು ಜನ ಆದರು. ಒಬ್ಬರು ಆಗಲೇ ಚಾಟ್‌ನಲ್ಲಿ 14 ಒತ್ತುತ್ತಿದ್ದಾರೆ. ಬೇಗ ಶುರು ಮಾಡಿ ಅನ್ನುವ ಕೂಗು ಅದು. ಇನ್ನಿಬ್ಬರು ಬರಲಿ, ತಡೀರಿ.

ಮುಂದಿನ ಶನಿವಾರವೂ ಒಂಬತ್ತಕ್ಕೆ ಇದೇ ಹೆಸರಿನಲ್ಲಿ ಲಾಬಿ ಇರುತ್ತದೆ. ಇದುವರೆಗೆ ಆಡಿಯೇ ಇಲ್ಲದವರು ಬಂದ ತಕ್ಷಣ ಹೇಳಿ. ಮೊದಲ ಆಟ ಎಲ್ಲರೂ ಒಂದೇ ತಂಡವಾಗಿ ಕಂಪ್ಯೂಟರ್ ವಿರುದ್ಧ ಆಡೋಣ.