ತಮಟೆಗೂ ಜಾಗ ಕೊಡಿ

ನಮಸ್ಕಾರ. ಈಗ ಹೊಸ ಹಾಡುಗಳಿಗೆ ಬರವಿಲ್ಲ. ರ‍್ಯಾಪ್ ಇದೆ, ಸಿನಿಮಾ ಮೆಲೊಡಿ ಇದೆ, ಜಾನಪದ ಇದೆ, ರಾಕ್ ಇದೆ. ನಾನು ಎಲ್ಲವನ್ನೂ ಕೇಳುತ್ತೇನೆ. ಆದರೆ ಯಾವ ಹಾಡಾದರೂ ನನ್ನ ಕಿವಿ ಮೊದಲು ಹೋಗುವುದು ಅದರ ತಾಳಕ್ಕೆ. ನಮ್ಮ ನೆಲದ ವಾದ್ಯವೊಂದನ್ನು ಹಾಡಿಗೆ ತಂದಿದ್ದಾರೆ ಅಂದರೆ, ಅದಕ್ಕೆ ನಿಜವಾಗಿ ಕೆಲಸ ಕೊಟ್ಟಿದ್ದಾರಾ, ಇಲ್ಲ ಸುಮ್ನೆ ಒಗ್ಗರಣೆಗೆ ಹಾಕಿದ್ದಾರಾ? ನನಗೆ ಅದು ಮುಖ್ಯ.

2021ರ 'ಸಲಗ' ಚಿತ್ರದ 'ಟಿಣಿಂಗ ಮಿಣಿಂಗ ಟಿಶ್ಯಾ' ನೆನಪಿದೆ ಅಲ್ವಾ? ಚರಣ್ ರಾಜ್ ಸಂಗೀತ. ಹಾಡಿದವರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಇದ್ದಾರೆ. ಸಿದ್ದಿ ಸಮುದಾಯದವರು ಆಫ್ರಿಕಾ ಮೂಲದವರು. ಯಲ್ಲಾಪುರ, ಹಳಿಯಾಳದ ಕಡೆ ತಲೆತಲಾಂತರದಿಂದ ಬದುಕುತ್ತಿದ್ದಾರೆ. ಆ ಹಾಡಿನಲ್ಲಿ ಅವರ ದನಿಯನ್ನು ಯಾರೂ ಉಜ್ಜಿ ನುಣುಪು ಮಾಡಿಲ್ಲ. ಗಂಟಲಿನ ಒರಟು ಹಾಗೇ ಇದೆ. ಒಬ್ಬರು ಎತ್ತಿಕೊಳ್ಳುತ್ತಾರೆ, ಉಳಿದವರು ಸೇರಿಕೊಳ್ಳುತ್ತಾರೆ, ಸ್ಟುಡಿಯೋ ಬೀಟ್ ಅವರ ಹಿಂದೆ ಬರುತ್ತದೆ. ಹಾಗೆ ಹಿಂದೆ ಬರಬೇಕು. ಮುಂದೆ ಬಂದಿದ್ದರೆ ಅದು ಇನ್ನೊಂದು ಕ್ಲಬ್ ಹಾಡಾಗಿ ಮರೆತು ಹೋಗುತ್ತಿತ್ತು.

ಈಗ ಹನುಮಾನ್‌ಕೈಂಡ್ ಕಡೆ ಬರೋಣ. ಕೇರಳ ಮೂಲದ, ಬೆಂಗಳೂರಿನಲ್ಲಿ ಬೆಳಗಿದ ರ‍್ಯಾಪರ್. 2024ರ 'ಬಿಗ್ ಡಾಗ್ಸ್' ಎಲ್ಲರಿಗೂ ಗೊತ್ತು, ಜಾತ್ರೆಯ 'ಸಾವಿನ ಬಾವಿ'ಯ ಗೋಡೆ ಮೇಲೆ ಬೈಕು, ಕಾರು ಸುತ್ತುವ ವಿಡಿಯೋ. ನನಗೆ ಇಷ್ಟವಾದದ್ದು ಮಾತ್ರ 2025ರ 'ರನ್ ಇಟ್ ಅಪ್'. ಇಡೀ ಹಾಡನ್ನು ಹೊತ್ತಿರುವುದು ಚೆಂಡೆ. ಕೋಲಿನ ಪೆಟ್ಟು ಎಷ್ಟು ಬಿಗಿಯಾಗಿ ಬೀಳುತ್ತದೆ ಅಂದರೆ ರ‍್ಯಾಪಿನ ಮಾತೇ ಅದರ ಲಯಕ್ಕೆ ಬಗ್ಗಬೇಕು. ಯಕ್ಷಗಾನ ನೋಡಿ ಬೆಳೆದವರಿಗೆ, ಅದರಲ್ಲೂ ಅದರ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನವರಿಗೆ, ಈ ಸದ್ದು ಪರಕೀಯ ಅನ್ನಿಸುವುದೇ ಇಲ್ಲ. ಹಾಡು ಇಂಗ್ಲಿಷಿನಲ್ಲಿದೆ, ಇರಲಿ. ಕಾಲು ತಾಳ ಹಾಕುವುದಕ್ಕೆ ಭಾಷೆ ಬೇಕಿಲ್ಲ.

ಹಾಗಂತ ಎಲ್ಲ ಹಾಡಿಗೂ ಡೋಲು ಬೇಕು ಅಂತಲ್ಲ. 2024ರ 'ದ್ವಾಪರ' ಹಾಡನ್ನು ತೆಗೆದುಕೊಳ್ಳಿ. ಅರ್ಜುನ್ ಜನ್ಯ ಸಂಗೀತ, ಹಾಡಿದ್ದು ಪಂಜಾಬಿನ ಜಸ್ಕರಣ್ ಸಿಂಗ್. ಅಲ್ಲಿ ದನಿಯೇ ಎಲ್ಲ. ಕನ್ನಡದ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಕನ್ನಡವೇ ಮನೆಮಾತಾದ ಎಷ್ಟೋ ಗಾಯಕರು ಈಗ ಅಷ್ಟು ಬಿಡಿಸಿ ಹಾಡುವುದಿಲ್ಲ. ಬೆಂಗಳೂರಿನ ಅಗಂ ತಂಡವನ್ನೂ ಅದಕ್ಕೇ ಮೆಚ್ಚುತ್ತೇನೆ. ಕರ್ನಾಟಕ ಸಂಗೀತಕ್ಕೆ ರಾಕ್ ಗಿಟಾರ್ ಸೇರಿಸಿದರೂ ಗಮಕವನ್ನು, ಅಂದರೆ ಸ್ವರದ ಬಳುಕನ್ನು, ಕತ್ತರಿಸುವುದಿಲ್ಲ.

ನನಗೆ ಬೇಸರ ತರಿಸುವುದು ಇನ್ನೊಂದು ಬಗೆ. ಮಾಸ್ ಹಾಡು ಅಂದ ಕೂಡಲೇ ಕಂಪ್ಯೂಟರಿನಲ್ಲಿ ರೆಡಿ ಇರುವ ತಮಟೆ ತುಣುಕೊಂದನ್ನು ಎತ್ತಿ ಹಾಕುತ್ತಾರೆ. ಮೊದಲಿಂದ ಕೊನೆವರೆಗೆ ಅದೇ ಪೆಟ್ಟು. ನಿಜವಾದ ತಮಟೆ ಹಾಗಿರುವುದಿಲ್ಲ. ಬಾರಿಸುವ ಮುಂಚೆ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಬಿಸಿ ಆರಿದ ಹಾಗೆ ನಾದ ಇಳಿಯುತ್ತದೆ. ಮತ್ತೆ ಕಾಯಿಸಬೇಕು. ಕುಣಿಯುವವರ ಹೆಜ್ಜೆ ನೋಡಿಕೊಂಡು ಪೆಟ್ಟು ಬದಲಾಗುತ್ತದೆ. ಆ ಏರಿಳಿತವೇ ಇಲ್ಲದ ಮೇಲೆ ಉಳಿಯುವುದು ಬರೀ ಗದ್ದಲ.

ಇನ್ನೊಂದು ಮಾತು. ಯಾವುದಾದರೂ ಹೊಸ ಹಾಡಿನ ಯೂಟ್ಯೂಬ್ ಪುಟ ತೆಗೆದು ಕೆಳಗಿನ ವಿವರ ಓದಿ. ನಾಯಕ, ನಿರ್ಮಾಪಕ, ಆಡಿಯೋ ಕಂಪನಿ, ಎಲ್ಲರ ಹೆಸರೂ ಇರುತ್ತದೆ. ತಮಟೆ ಬಡಿದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಹಾಡನ್ನು ಹೊತ್ತ ಕೈಗಳಿಗೆ ಒಂದು ಸಾಲು ಕೊಡಲು ಖರ್ಚೇನೂ ಇಲ್ಲ. ಸಂಗೀತ ನಿರ್ದೇಶಕರೇ, ದಯವಿಟ್ಟು ಮುಂದಿನ ಹಾಡಿನಿಂದ ಆ ಹೆಸರು ಹಾಕಿಸಿ. ಕೇಳುಗರೂ ಅಷ್ಟೇ, ಹೆಸರಿಲ್ಲದಿದ್ದರೆ ಅಲ್ಲೇ ಕಾಮೆಂಟಿನಲ್ಲಿ ಕೇಳಿ: ತಮಟೆ ಬಾರಿಸಿದವರು ಯಾರು?