ಬಂಡೆ ಮೇಲೆ ದಂಡ ಹೊಡೆಯುವ ಓತಿಕ್ಯಾತ

ಕೇಳುಗರೇ, ನಮಸ್ಕಾರ.

ಬೇಸಿಗೆಯಲ್ಲಿ ಮಧುಗಿರಿ ಬೆಟ್ಟ ಹತ್ತಿದವರು, ಇಲ್ಲಾ ಕೋಲಾರದ ಅಂತರಗಂಗೆ ಕಡೆ ಬಂಡೆಗಳ ನಡುವೆ ಅಡ್ಡಾಡಿದವರು ಇದನ್ನು ನೋಡಿರುತ್ತೀರಿ. ಬೆಳಗ್ಗೆ ಒಂಬತ್ತರ ಹೊತ್ತು. ಹಾಸುಬಂಡೆಯ ತುತ್ತತುದಿಯಲ್ಲಿ ಒಂದು ಓತಿಕ್ಯಾತ ಕೂತಿರುತ್ತದೆ. ಬೆನ್ನೆಲ್ಲ ಕೆಂಪು, ಪಕ್ಕೆ ಕಾಲು ಎಲ್ಲ ಕಪ್ಪು. ನೀವು ಇನ್ನೂ ದೂರ ಇರುವಾಗಲೇ ಮುಂಗಾಲು ಊರಿ, ಮೈ ಎತ್ತಿ ಇಳಿಸಿ, ನಾಲ್ಕಾರು ದಂಡ ಹೊಡೆಯುತ್ತದೆ. ಹುಡುಗರು ನೋಡಿದರೆ ನಮ್ಮನ್ನೇ ಅಣಕಿಸ್ತಿದೆ ಅಂತ ಕಲ್ಲು ಎತ್ತಿಕೊಳ್ಳುತ್ತಾರೆ.

ಅದಕ್ಕೆ ನಿಮ್ಮನ್ನು ಅಣಕಿಸುವಷ್ಟು ಪುರುಸೊತ್ತಿಲ್ಲ. ಸಾಮಾನ್ಯವಾಗಿ ಆ ದಂಡ ಆಚೆ ಬಂಡೆಯ ಇನ್ನೊಂದು ಗಂಡಿಗೆ, ಈ ಜಾಗ ನಂದು, ಹತ್ತಿರ ಬರಬೇಡ ಅಂತ. ಇಲ್ಲವೇ ಕೆಳಗೆ ಎಲ್ಲೋ ಕಲ್ಲಿನ ಬಣ್ಣಕ್ಕೇ ಬೆರೆತು ಕೂತಿರುವ ಹೆಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಬಂಡೆ ಓತಿಕ್ಯಾತಗಳನ್ನು ಬಹಳ ಕೂಲಂಕಷವಾಗಿ ನೋಡಿದ್ದಾರೆ. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿಗೆ ತಿರುಗುತ್ತದೆ, ಪಕ್ಕೆ ಕಿತ್ತಳೆ ಆಗುತ್ತದೆ. ಹೆಣ್ಣು ಕಂಡರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಎಲ್ಲಾ ನೋಡ್ತಾ ನೋಡ್ತಾ ಇದ್ದ ಹಾಗೇ. ಅವರೇ ಇನ್ನೊಂದು ಸಂಗತಿಯನ್ನೂ ಹೇಳಿದ್ದಾರೆ: ಊರು ಬೆಳೆದು ಸುತ್ತಿಕೊಂಡ ಕಡೆ ಇರುವ ಓತಿಕ್ಯಾತಗಳಿಗೆ ಈ ಬಣ್ಣ ಅಷ್ಟು ಗಾಢವಾಗಿ ಬರುವುದಿಲ್ಲ, ಹಳ್ಳಿ ಕಡೆಯವಕ್ಕೇ ಹೊಳಪು ಜಾಸ್ತಿ. ಹಳ್ಳಿಯವರಿಗೆ ಖುಷಿಯ ಸುದ್ದಿ, ಅಲ್ವಾ.

ಈಗ ಒಂದು ಪ್ರಶ್ನೆ. ಇಷ್ಟೆಲ್ಲ ಕುಣಿತ ಒಂಬತ್ತು ಗಂಟೆಗೇ ಯಾಕೆ? ಆರು ಗಂಟೆಗೆ ಯಾಕಿಲ್ಲ? ಮಟಮಟ ಮಧ್ಯಾಹ್ನ ಯಾಕಿಲ್ಲ?

ಉತ್ತರ ಬಿಸಿಲು. ಹಲ್ಲಿ, ಓತಿಕ್ಯಾತ, ಉಡ, ಹಾವು, ಆಮೆ ಈ ಸರೀಸೃಪಗಳ ಇಡೀ ಬದುಕೇ ಬಿಸಿಲಿನ ಲೆಕ್ಕಾಚಾರ. ನಮ್ಮ ಮೈ ಒಳಗಡೆಯೇ ಶಾಖ ಮಾಡಿಕೊಳ್ಳುತ್ತದೆ, ಅದಕ್ಕೆ ಅಂತಲೇ ಮೂರು ಹೊತ್ತು ಮುದ್ದೆ ಬೇಕು. ಇವು ಶಾಖವನ್ನು ಹೊರಗಿನಿಂದ ತೆಗೆದುಕೊಳ್ಳುತ್ತವೆ. ಹಾಗಾಗಿ ಊಟದ ಖರ್ಚು ಬಹಳ ಕಮ್ಮಿ. ಒಂದು ಓತಿಕ್ಯಾತಕ್ಕೆ ದಿನಕ್ಕೆ ಬೇಕಾಗುವ ಶಕ್ತಿ ಅಷ್ಟೇ ತೂಕದ ಇಲಿಗೆ ಬೇಕಾಗುವುದರಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು. ಪಾವಗಡ, ಶಿರಾ, ಬಾಗೇಪಲ್ಲಿಯಂತಹ ಮಳೆ ಕಮ್ಮಿ ಸೀಮೆಯಲ್ಲಿ ಇವು ಇಷ್ಟು ಸಲೀಸಾಗಿ ಬದುಕಿರುವುದು ಇದರಿಂದಲೇ.

ಬೆಳಗಿನ ತಂಪಿನಲ್ಲಿ ಇವಕ್ಕೆ ಮೈ ಜೋಮು. ಬಂಡೆ ಸಂದಿಯಿಂದ ತಲೆ ಮಾತ್ರ ಹೊರಗೆ ಹಾಕಿ ಬಿಸಿಲು ಕಾಯಿಸುತ್ತವೆ. ಆಮೇಲೆ ಮೈಯನ್ನು ಚಪ್ಪಟೆ ಮಾಡಿ, ಬಿಸಿಲಿಗೆ ಅಡ್ಡಡ್ಡ ತಿರುಗಿ, ಕಲ್ಲಿಗೆ ಹೊಟ್ಟೆ ಒತ್ತಿ ಮಲಗುತ್ತವೆ. ಮೈ ಕಾದ ಮೇಲೆ ಬೇಟೆ, ಜಗಳ, ಪ್ರೇಮ. ಬಂಡೆ ಕಾಲಿಡಲಾಗದಷ್ಟು ಸುಡತೊಡಗಿದಾಗ ಮತ್ತೆ ಸಂದಿಗೆ. ಸುಮ್ನೆ ಬಿದ್ದುಕೊಂಡಿದೆ, ಸೋಮಾರಿ ಅಂತ ನಮಗೆ ಕಾಣುತ್ತದೆ. ಆದರೆ ನುಂಗಿದ ಹುಳ ಅರಗಬೇಕಾದರೂ ಹೊಟ್ಟೆ ಬಿಸಿ ಇರಬೇಕು. ಸಂಜೆ ಹೊತ್ತು ಹಾವುಗಳು ಟಾರು ರಸ್ತೆಗೆ ಬರುವುದಕ್ಕೂ ಇದೇ ಒಂದು ಕಾರಣ. ಸೂರ್ಯ ಮುಳುಗಿದ ಮೇಲೂ ಟಾರು ಬಿಸಿ ಹಿಡಿದುಕೊಂಡಿರುತ್ತದೆ. ಪಾವಗಡದ ರಸ್ತೆಯಲ್ಲಿ ರಾತ್ರಿ ಬೈಕಿನಲ್ಲಿ ಹೋಗುವವರು ಇದನ್ನು ನೆನಪಿಟ್ಟುಕೊಂಡರೆ ಇಬ್ಬರಿಗೂ ಒಳ್ಳೆಯದು.

ಬೇಲಿ ಮೇಲಿನ ಓತಿಕ್ಯಾತ ಓಡುವುದನ್ನು ಗಮನಿಸಿದ್ದೀರಾ? ಸರ್ರನೆ ಓಡುತ್ತದೆ. ಗಕ್ಕನೆ ನಿಲ್ಲುತ್ತದೆ. ಮತ್ತೆ ಸರ್ರನೆ. ಹೀಗೆ ನಿಲ್ಲುವುದಕ್ಕೆ ಹತ್ತಿಪ್ಪತ್ತು ಕಾರಣ ಇರಬಹುದು, ಅದರಲ್ಲಿ ಒಂದು ನನಗೆ ಬಹಳ ಇಷ್ಟ. ಅವು ಓಡುವಾಗ ಮೈ ಆ ಕಡೆ ಈ ಕಡೆ ಬಳುಕುತ್ತದೆ. ಹಾಗೆ ಬಳುಕಿಸುವ ಪಕ್ಕೆಯ ಸ್ನಾಯುಗಳೇ ಉಸಿರಾಟಕ್ಕೂ ಬೇಕು. ಒಂದೇ ಸ್ನಾಯು ಎರಡು ಕೆಲಸ ಒಟ್ಟಿಗೆ ಮಾಡುವುದು ಕಷ್ಟ. ಹಾಗಾಗಿ ಜೋರಾಗಿ ಓಡುತ್ತಾ ಹೊಟ್ಟೆ ತುಂಬ ಉಸಿರೆಳೆಯಲು ಆಗುವುದಿಲ್ಲ. ಉಡ ಮಾತ್ರ ಇದಕ್ಕೆ ಒಂದು ದಾರಿ ಕಂಡುಕೊಂಡಿದೆ. ನಡೆಯುವಾಗ ಅದರ ಗಂಟಲು ಉಬ್ಬಿ ಇಳಿಯುತ್ತಿರುತ್ತದೆ, ಹತ್ತಿರದಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಗಂಟಲಿನಿಂದಲೇ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. 1999ರಲ್ಲಿ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಉಡ ಇಡೀ ದಿನ ಮೈಲಿಗಟ್ಟಲೆ ಅಲೆದು ಆಹಾರ ಹುಡುಕುತ್ತದೆ, ಓತಿಕ್ಯಾತ ಒಂದೇ ಕಡೆ ಕೂತು ಹುಳ ಹತ್ತಿರ ಬರಲಿ ಅಂತ ಕಾಯುತ್ತದೆ. ಉಸಿರಿನ ವ್ಯತ್ಯಾಸ ಕಸುಬಿನಲ್ಲೂ ಕಾಣುತ್ತದೆ.

ಉಡದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಾವಿನ ಹಾಗೆ ಸೀಳು ನಾಲಿಗೆ ಚಾಚುತ್ತದೆ ಅಂತ ಜನ ಹೆದರುತ್ತಾರೆ. ಆ ನಾಲಿಗೆ ಮೂಗಿನ ಕೆಲಸ ಮಾಡುತ್ತದೆ. ಗಾಳಿಯಲ್ಲಿನ ವಾಸನೆಯ ಕಣಗಳನ್ನು ನಾಲಿಗೆಯಲ್ಲಿ ಎತ್ತಿಕೊಂಡು, ಬಾಯಿಯ ಮೇಲ್ಭಾಗದಲ್ಲಿರುವ ಒಂದು ವಿಶೇಷ ಅಂಗಕ್ಕೆ ಮುಟ್ಟಿಸುತ್ತದೆ. ನಾಲಿಗೆಯ ಎಡತುದಿಗೆ ವಾಸನೆ ಜಾಸ್ತಿ ಸಿಕ್ಕರೆ ಎಡಕ್ಕೆ, ಬಲತುದಿಗೆ ಸಿಕ್ಕರೆ ಬಲಕ್ಕೆ ತಿರುಗುತ್ತದೆ. ಜೀರುಂಡೆ, ಗೊಬ್ಬರದ ಹುಳ, ಹಕ್ಕಿಮೊಟ್ಟೆ, ಸತ್ತ ಪ್ರಾಣಿ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ಇಂಥ ಪ್ರಾಣಿಯನ್ನು ನಮ್ಮವರು ಬೆನ್ನು ನೋವಿಗೆ ಮದ್ದು ಅಂತ ಹೊಡೆದು ತಿನ್ನುತ್ತಾರೆ. ಬೆನ್ನು ನೋವೇನೂ ಹೋಗುವುದಿಲ್ಲ. ಜೋಡಿ ಬೇರು, ಮನೆಯಲ್ಲಿಟ್ಟರೆ ದುಡ್ಡು ಬರುತ್ತೆ ಅಂತ ಹತ್ತಾ ಜೋಡಿ ಮಾರುತ್ತಾರಲ್ಲ, ಅದು ಬೇರೇ ಅಲ್ಲ. ಗಂಡು ಉಡದ ಒಣಗಿಸಿದ ಜನನಾಂಗ. ದೇವರ ಕೋಣೆಯಲ್ಲಿ ಅದಕ್ಕೆ ಕುಂಕುಮ ಇಟ್ಟು ಕೈಮುಗಿಯುವವರು ಒಮ್ಮೆ ಯೋಚನೆ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಹುಲಿಯ ಜೊತೆಗೇ ಉಡವೂ ಇದೆ. ಕೊಂದರೆ, ಮಾರಿದರೆ 3ರಿಂದ 7 ವರ್ಷ ಜೈಲು.

ಹಲ್ಲಿಗೆ ಬರೋಣ. ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ, ಟ್ಯೂಬ್‌ಲೈಟ್ ಪಕ್ಕ ನೋಡಿದರೆ ಸಾಕು. ಅದು ಗೋಡೆಗೆ ಅಂಟುವುದು ಅಂಟಿನಿಂದಲೂ ಅಲ್ಲ, ಗಾಳಿ ಹೀರಿಕೊಂಡೂ ಅಲ್ಲ. ಬೆರಳಿನ ಕೆಳಗೆ ಅಡ್ಡಡ್ಡ ಪಟ್ಟಿಗಳಿರುತ್ತವೆ. ಕಿಟಕಿ ಗಾಜಿನ ಆಚೆ ಕಡೆ ಹಲ್ಲಿ ಕೂತಿದ್ದಾಗ ನೋಡಿ, ಚೆನ್ನಾಗಿ ಕಾಣುತ್ತದೆ. ಆ ಪಟ್ಟಿಗಳ ಮೇಲೆ ಲಕ್ಷಾಂತರ ಕೂದಲು, ಒಂದೊಂದು ಕೂದಲ ತುದಿ ಮತ್ತೆ ನೂರಾರು ಸೀಳು. ಅಷ್ಟು ಸಣ್ಣ ತುದಿ ಗೋಡೆಗೆ ತಾಗಿದಾಗ ಅಣುಅಣುಗಳ ನಡುವಿನ ಸೆಳೆತವೇ ಹಿಡಿದುಕೊಳ್ಳುತ್ತದೆ. ಒಂದೊಂದರ ಹಿಡಿತ ಏನೇನೂ ಅಲ್ಲ, ಎಲ್ಲ ಸೇರಿದರೆ ಹಲ್ಲಿಯ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬಿಡಿಸಿಕೊಳ್ಳುವಾಗ ಬೆರಳನ್ನು ತುದಿಯಿಂದ ಹಿಂದಕ್ಕೆ ಸುರುಳಿ ಸುತ್ತಿ ಎತ್ತುತ್ತದೆ. ಅದೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಹಲ್ಲಿಗೆ ಮಾತ್ರ ಕಣ್ಣು ಮುಚ್ಚುವ ಭಾಗ್ಯವೇ ಇಲ್ಲ. ರೆಪ್ಪೆ ಇಲ್ಲ, ಮೇಲೊಂದು ಪಾರದರ್ಶಕ ಪೊರೆ ಇದೆ. ಧೂಳು ಕೂತರೆ ನಾಲಿಗೆ ಚಾಚಿ ಕಣ್ಣನ್ನೇ ನೆಕ್ಕಿಕೊಳ್ಳುತ್ತದೆ.

ಹಲ್ಲಿ ಹಿಕ್ಕೆ ಗುಡಿಸದ ಮನೆ ಇಲ್ಲ. ಕಪ್ಪು ಹಿಕ್ಕೆ, ಒಂದು ತುದಿಯಲ್ಲಿ ಬಿಳಿ ಚುಕ್ಕೆ. ಆ ಬಿಳಿಯೇ ಅದರ ಮೂತ್ರ. ನಾವು ಚೊಂಬುಗಟ್ಟಲೆ ನೀರು ಖರ್ಚು ಮಾಡುವ ಕೆಲಸವನ್ನು ಅದು ಗಟ್ಟಿ ಪುಡಿ ಮಾಡಿ ಮುಗಿಸುತ್ತದೆ. ಸಾವಿರ ಅಡಿ ಬೋರು ಕೊರೆಸಿಯೂ ನೀರು ಕಾಣದ ನಮ್ಮ ಜಿಲ್ಲೆಗಳಲ್ಲಿ ಇದೊಂದು ವಿದ್ಯೆಯೇ ಸರಿ.

ಇನ್ನು ಬಾಲ. ಬೆಕ್ಕು ಹಿಡಿದಾಗ ಹಲ್ಲಿ ಬಾಲ ಬಿಟ್ಟು ಓಡುತ್ತದೆ. ಎಳೆದಿದ್ದಕ್ಕೆ ಕಿತ್ತು ಬಂತು ಅಂತ ಅಲ್ಲ, ಹಲ್ಲಿಯೇ ಕಳಚುತ್ತದೆ. ಬಾಲದ ಮೂಳೆಗಳ ಒಳಗೇ ಮುರಿಯಲು ಜಾಗ ಇರುತ್ತದೆ, ಅಂಚೆ ಚೀಟಿಯ ಹಾಳೆಯಲ್ಲಿ ತೂತುಗಳ ಸಾಲು ಇರುತ್ತಲ್ಲ ಹಾಗೆ. ರಕ್ತ ಅಷ್ಟಾಗಿ ಸೋರುವುದಿಲ್ಲ. ಬಿದ್ದ ಬಾಲ ನಿಮಿಷಗಟ್ಟಲೆ ಒದ್ದಾಡುತ್ತದೆ, ಬೆಕ್ಕು ಅದನ್ನೇ ನೋಡುತ್ತಾ ಕೂರುತ್ತದೆ. ಹೊಸ ಬಾಲ ಬೆಳೆಯುತ್ತದೆ ನಿಜ, ಆದರೆ ಅದರೊಳಗೆ ಮೂಳೆ ಇರುವುದಿಲ್ಲ, ಮೃದ್ವಸ್ಥಿಯ ಕೊಳವೆ ಅಷ್ಟೇ. ಬಣ್ಣವೂ ಬೇರೆ, ಸ್ವಲ್ಪ ಮೊಂಡು. ನಿಮ್ಮ ಮನೆ ಹಲ್ಲಿಯ ಬಾಲ ನೋಡಿಯೇ ಅದಕ್ಕೆ ಹಿಂದೆ ಕಂಟಕ ಬಂದಿತ್ತಾ ಅಂತ ಹೇಳಬಹುದು. ಬೇಲಿ ಓತಿಕ್ಯಾತಕ್ಕೆ ಈ ಅನುಕೂಲ ಇಲ್ಲ. ಅದರ ಬಾಲ ಹೋದರೆ ಹೋಯಿತು. ಹಾಗಾಗಿ ಹುಡುಗರೇ, ದಾರ ಕಟ್ಟಿ ಎಳೆದಾಡಬೇಡಿ.

ಹಲ್ಲಿ ಬಿದ್ದ ಸಾಂಬಾರು ತಿಂದು ಮಕ್ಕಳು ಆಸ್ಪತ್ರೆಗೆ ಅಂತ ಆಗಾಗ ಸುದ್ದಿ ಬರುತ್ತದೆ. ಹಲ್ಲಿಯಲ್ಲಿ ವಿಷದ ಗ್ರಂಥಿಯೇ ಇಲ್ಲ. ಅದರ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಇರಬಹುದು, ಅದರಿಂದ ವಾಂತಿ ಭೇದಿ ಆಗಬಹುದು. ಚೆನ್ನಾಗಿ ಕುದಿದರೆ ಅವೂ ಸಾಯುತ್ತವೆ. ಇನ್ನರ್ಧ ವಾಂತಿ ಹಲ್ಲಿ ಅಂತ ಗೊತ್ತಾದ ಮೇಲೆ ಆಗುವ ಅಸಹ್ಯದ್ದು, ಗಾಬರಿಯದ್ದು. ಒಬ್ಬ ಹುಡುಗ ಕಕ್ಕಿದರೆ ಸಾಲಿನಲ್ಲಿದ್ದವರೆಲ್ಲ ಕಕ್ಕುತ್ತಾರೆ. ಹಾಗಂತ ಆ ಸಾಂಬಾರು ತಿನ್ನಿ ಅಂತ ನಾನು ಹೇಳುತ್ತಿಲ್ಲ. ಚೆಲ್ಲಿ. ಮಕ್ಕಳಿಗೆ ಹುಷಾರಿಲ್ಲ ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪಾತ್ರೆಗೆ ಮುಚ್ಚಳ ಹಾಕಿ.

ನನಗೆ ನಿಜವಾಗಿ ಬೇಜಾರಾಗುವುದು ಹಾವುರಾಣಿಯ ವಿಷಯದಲ್ಲಿ. ಗದ್ದೆ ಬದುವಿನಲ್ಲಿ, ಹಿತ್ತಲ ಕಲ್ಲುರಾಶಿಯಲ್ಲಿ ಇರುತ್ತದೆ. ಮೈ ಎಣ್ಣೆ ಹಚ್ಚಿದಷ್ಟು ನುಣುಪು, ಕಂದು ಬಣ್ಣ, ಪಕ್ಕೆಯಲ್ಲಿ ಒಂದು ಗೆರೆ, ಸಣ್ಣ ಸಣ್ಣ ಕಾಲು. ಹಾವಿಗಿಂತ ವಿಷ, ನೆಕ್ಕಿದರೂ ಸಾಕು ಅಂತ ಎಲ್ಲಾ ಊರಲ್ಲೂ ಒಂದು ಮಾತು. ಕಂಡ ತಕ್ಷಣ ಪೊರಕೆ, ಚಪ್ಪಲಿ. ಹಾವುರಾಣಿಗೆ ವಿಷ ಇಲ್ಲ. ಒಂದು ಹನಿಯೂ ಇಲ್ಲ. ಕಚ್ಚಿ ಮನುಷ್ಯನನ್ನು ನಂಜೇರಿಸುವ ಹಲ್ಲಿ ಜಾತಿ ನೋಡಬೇಕಾದರೆ ಅಮೆರಿಕ, ಮೆಕ್ಸಿಕೊ ಕಡೆ ಹೋಗಬೇಕು, ಗಿಲಾ ಮಾನ್‌ಸ್ಟರ್ ಅಂತ ಇದೆ. ನಮ್ಮ ಹಾವುರಾಣಿ ಮಿಡತೆ, ಜಿರಲೆ ತಿಂದುಕೊಂಡು ಇರುತ್ತದೆ. ನಾಗರಹಾವಿಗೆ ಹಾಲು ಎರೆಯುವ ನಾವು ಇದನ್ನು ಮಾತ್ರ ಬಡಿಯುತ್ತೇವೆ.

ಗೋಸುಂಬೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇಡೀ ಭಾರತದಲ್ಲಿ ನಿಜವಾದ ಗೋಸುಂಬೆ ಒಂದೇ ಜಾತಿ. ನಮ್ಮ ಕಡೆಯ ಕುರುಚಲು ಕಾಡುಗಳಲ್ಲೂ ಇದೆ. ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ. ನಾಲಿಗೆ ಮೈಗಿಂತ ಉದ್ದ ಚಾಚುತ್ತದೆ. ಕೂತ ಜಾಗದ ಬಣ್ಣಕ್ಕೆ ತಕ್ಕ ಹಾಗೆ ಬದಲಾಗುತ್ತದೆ ಅನ್ನುವುದು ಅಷ್ಟು ಸರಿಯಲ್ಲ. ಅದು ಬದಲಾಗುವುದು ಮುಖ್ಯವಾಗಿ ಸಿಟ್ಟು, ಹೆದರಿಕೆ, ಬಿಸಿಲು, ಚಳಿಗೆ. ಬೆಳಗಿನ ಚಳಿಯಲ್ಲಿ ಕಪ್ಪಾಗಿ ಬಿಸಿಲು ಹೀರುತ್ತದೆ, ಕಾದ ಮೇಲೆ ತಿಳಿಯಾಗುತ್ತದೆ. ಪಕ್ಷ ಬದಲಾಯಿಸುವವರಿಗೆ ಇದರ ಹೆಸರಿಟ್ಟು ಬೈಯುವುದು ಗೋಸುಂಬೆಗೇ ಅನ್ಯಾಯ.

ಕೊನೆಗೆ ಮೊಟ್ಟೆ. ಹಲ್ಲಿ ಎರಡೇ ಎರಡು ಇಡುತ್ತದೆ, ಗಟ್ಟಿ ಚಿಪ್ಪು, ಮೀಟರ್ ಬಾಕ್ಸಿನ ಒಳಗೆ, ಫೋಟೋ ಹಿಂದೆ. ಬೇಲಿ ಓತಿಕ್ಯಾತ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಕೆಳಗಿಳಿದು, ಮುಂಗಾಲಲ್ಲಿ ಗುಂಡಿ ತೋಡಿ, ಹತ್ತು ಇಪ್ಪತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮಣ್ಣೇ. ಇಲ್ಲೂ ಶಾಖದ್ದೇ ಕಾರುಬಾರು. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಅನ್ನುವುದನ್ನೂ ಮಣ್ಣಿನ ಬಿಸಿ ತೀರ್ಮಾನಿಸುತ್ತದೆ ಅಂತ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಅದೂ ನೇರವಾಗಿಲ್ಲ. ಶಾಖ ಏರುತ್ತಾ ಹೋದ ಹಾಗೆ ಮೊದಲು ಹೆಣ್ಣು ಜಾಸ್ತಿ, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು.

ಮುಂಗಾರಿನಲ್ಲಿ ಹೂವಿನ ಗಿಡಕ್ಕೆ ಪಾತಿ ಮಾಡುವಾಗ ಇಂಥ ಬಿಳಿ ಮೊಟ್ಟೆಗಳು ನಿಮಗೂ ಸಿಗಬಹುದು. ಚಿಪ್ಪು ಮೆತ್ತಗಿರುತ್ತದೆ, ಮುಟ್ಟಿದರೆ ತೊಗಲಿನ ಹಾಗಿರುತ್ತದೆ. ಹಾವಿನ ಮೊಟ್ಟೆ ಅಂತ ಒಡೆದುಹಾಕಬೇಡಿ. ತೊಳೆಯಬೇಡಿ, ಉರುಳಿಸಬೇಡಿ. ಕೋಳಿಮೊಟ್ಟೆಯನ್ನು ತಿರುಗಿಸಿ ಇಡುತ್ತಾರೆ, ಇದನ್ನು ತಿರುಗಿಸಿದರೆ ಒಳಗೆ ಅಂಟಿಕೊಂಡಿರುವ ಭ್ರೂಣ ಸಾಯಬಹುದು. ಮೇಲಿದ್ದ ಮಗ್ಗುಲು ಮೇಲೇ ಇರುವಂತೆ ಅದೇ ಗುಂಡಿಗೆ ಇಟ್ಟು, ಸಡಿಲವಾಗಿ ಮಣ್ಣು ಮುಚ್ಚಿ. ಒಂದೂವರೆ ಎರಡು ತಿಂಗಳಲ್ಲಿ ಅವೇ ಹೊರಗೆ ಬರುತ್ತವೆ. ಅಲ್ಲಿಯವರೆಗೆ ಆ ಪಾತಿಗೆ ಗುದ್ದಲಿ ಹಾಕಬೇಡಿ.

ನಮಸ್ಕಾರ.